ಮರದ ಟ್ಯಾರಂಟುಲಾಗ ನೀರಿಗಿಂತ ಮೊದಲು ಗಾಳಿ ಬೇಕ್ರಿ

ಬ್ಯಾಸಿಗಿ ಶುರು ಆಯ್ತಂದ್ರ ನಮ್ಮ ಕ್ಲಿನಿಕ್ಕಿಗೆ ಫೋನ್ ಬರ್ತಾವ, "ಡಾಕ್ಟ್ರೇ, ಜೇಡ ಕೆಳಗ ಇಳದು ಕಾಲು ಮುದುಡಿಕೊಂಡು ಕುಂತದ, ದಿನಾ ಎರಡು ಹೊತ್ತು ನೀರು ಹೊಡೀತೀವಿ, ಆದ್ರೂ ಹಿಂಗ್ಯಾಕ" ಅಂತ. ಕಲಬುರಗ್ಯಾಗ, ಬೀದರದಾಗ ಪಿಂಕ್ ಟೋ ಅನ್ನೋ ಮರದ ಟ್ಯಾರಂಟುಲಾ, ಅಂದ್ರ ಮೈತುಂಬಾ ಕೂದಲಿರೋ ದೊಡ್ಡ ಜೇಡ, ಸಾಕೋ ಹುಡುಗ್ರು ಈಗ ಅದಾರ. ಬಾಕ್ಸ್ ತರಿಸಿ ನೋಡಿದ್ರ ಸಾಮಾನ್ಯ ಒಂದೇ ಥರ ಇರ್ತದ, ಮುಚ್ಚಳದಾಗ ನಾಕು ಸಣ್ಣ ತೂತು, ಹಿಂಡಿದ್ರ ನೀರು ಇಳಿಯೋವಷ್ಟು ಒದ್ದಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಗೋಡಿ ತುಂಬಾ ಹನಿ, ಮೂಲ್ಯಾಗ ಬೂಸ್ಟು ಹಿಡಿದ ಸತ್ತ ಜಿರಳಿ.

ಅಮೆಜಾನ್ ಕಾಡಿನ ಹುಳ ಅಂದಕೂಡ್ಲೆ ಒದ್ದಿ ಬೇಕು ಅಂತ ಎಲ್ಲಾರೂ ತಿಳ್ಕೋತಾರ. ಆದ್ರ ಅವಿಕ್ಯುಲೇರಿಯಾ, ಅಂದ್ರ ಈ ಪಿಂಕ್ ಟೋ, ಇರೋದು ಆ ಕಾಡಿನ ನೆಲದ ಮ್ಯಾಲಲ್ಲ, ಗಯಾನಾ, ಸುರಿನಾಮ್, ಉತ್ತರ ಬ್ರೆಜಿಲ್ ಕಡಿ ಗಿಡದ ಮ್ಯಾಲ, ಎಲಿ ತೊಗಟಿ ನಡುವ ಬಲಿ ನೇಯ್ದುಕೊಂಡು ಇರ್ತದ. ಮಳಿ ಬರ್ತದ, ನೆನೀತದ, ಗಾಳಿ ಬೀಸಿ ಒಣಗ್ತದ. ಹೊಟ್ಟಿ ಕೆಳಗ ಎರಡು ಜೋಡಿ ಶ್ವಾಸಕೋಶ ಇರ್ತಾವ, ತೆಳ್ಳನ ಪದರು ಪದರು, ನಮ್ಮ ಎದಿ ಥರ ಉಬ್ಬಿ ಗಾಳಿ ಎಳಕೊಳ್ಳಂಗಿಲ್ಲ, ಹೊಸ ಗಾಳಿ ತಾನಾಗೇ ಅಲ್ಲಿಗೆ ಮುಟ್ಟಬೇಕು. ನಿಂತ ಒದ್ದಿ ಗಾಳ್ಯಾಗ ಬೂಸ್ಟು, ಸಣ್ಣ ನುಸಿ ಬೆಳೀತಾವ, ಜೇಡ ಸೊರಗ್ತದ.

ಅದಕ್ಕ ಮುಚ್ಚಳದಾಗಷ್ಟೇ ಅಲ್ಲ, ಎದುರು ಬದುರು ಎರಡು ಬದೀಗೂ ತೂತು ಹಾಕ್ರಿ. ಬಾಕ್ಸ್ ಅಗಲಕ್ಕಿಂತ ಎತ್ತರ ಇರ್ಲಿ, ದೊಡ್ಡದಕ್ಕ ಸುಮಾರು 20 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ ಸಾಕು, ಒಳಗ ಒಂದು ತೊಗಟಿ ತುಂಡು ನೆಟ್ಟಗ ನಿಲ್ಲಿಸ್ರಿ.

ಮತ್ತ ನಮ್ಮ ಮೇ ತಿಂಗಳ ಒಣ ಬಿಸಿಗಾಳ್ಯಾಗ ಅದು ಒಣಗಂಗಿಲ್ಲೇನ್ರಿ ಅಂತ ಕೇಳ್ತಾರ, ಕೇಳೋದು ಖರೆ ಅದ. ಜೇಡಕ್ಕ ಕಾಲು ಚಾಚಲಿಕ್ಕ ಬೇಕಾದ ಸ್ನಾಯು ಮುಖ್ಯ ಕೀಲುಗಳಾಗ ಇಲ್ಲ, ಜೆಸಿಬಿ ಕೈ ಎಣ್ಣಿ ಒತ್ತಡದಿಂದ ಏಳ್ತದಲ್ಲ ಹಂಗ ಮೈಯೊಳಗಿನ ದ್ರವದ ಒತ್ತಡದಿಂದ ಕಾಲು ಚಾಚ್ತದ, ನೀರು ಕಮ್ಮಿ ಆದ್ರ ಒತ್ತಡ ಇಳೀತದ, ಕಾಲು ಹೊಟ್ಟಿ ಕೆಳಗ ಮುದುಡ್ತಾವ. ಆದ್ರ ಇದಕ್ಕ ಔಷಧ ಕುಡಿಯೋ ನೀರು, ಬಾಕ್ಸ್ ತೋಯಿಸೋದಲ್ಲ. ಯಾವಾಗ್ಲೂ ಒಂದು ಸಣ್ಣ ಬಟ್ಟಲ ತುಂಬಿ ಇಡ್ರಿ, ಸಂಜಿಗೆ ಒಂದು ಬದಿ ಗೋಡಿಗಷ್ಟೇ ಸ್ವಲ್ಪ ಸ್ಪ್ರೇ ಮಾಡ್ರಿ, ಬೆಳಗಾಗೋದ್ರಾಗ ಅದು ಒಣಗಿರಬೇಕು.

ಇಲ್ಲಿ ನನಗ ಹೆಚ್ಚಿನ ಚಿಂತಿ ಶಕೀದು. 24ರಿಂದ 28 ಡಿಗ್ರಿ ಅದಕ್ಕ ಆರಾಮ, 35 ದಾಟಿದ್ರ ಅಪಾಯ. ಪತ್ರಾಸ್ ಕೆಳಗ, ಮ್ಯಾಲಿನ ಮಾಳಗಿ ರೂಮಿನ್ಯಾಗ ಬ್ಯಾಡ. ಕೆಳಗಿನ ಮನ್ಯಾಗ ಶಹಾಬಾದ್ ಕಲ್ಲಿನ ನೆಲ ಇದ್ರ ಅದರ ಮ್ಯಾಲ ಇಡ್ರಿ, ಕೂಲರ್ ಇರೋ ರೂಮಾದ್ರ ಇನ್ನೂ ಚಲೋ, ಆದ್ರ ಕೂಲರ್ ಗಾಳಿ ನೇರ ಬಾಕ್ಸಿಗೆ ಹೊಡೀಬಾರದು. ಬೀದರದ ಡಿಸೆಂಬರ್ ಥಂಡಿಗೆ ಬಲ್ಬ್ ಹಚ್ಚಬ್ಯಾಡ್ರಿ, ಒಳಗಿನ ರೂಮಿಗೆ ಒಯ್ಯರಿ.

ಇನ್ನ ಸೊಳ್ಳಿ ಲಿಕ್ವಿಡ್, ಕಾಯಿಲ್, ಜಿರಳಿ ಚಾಕ್. ಇವುಗಳಾಗಿರೋದು ಹುಳ ಕೊಲ್ಲೋ ವಿಷ, ಟ್ಯಾರಂಟುಲಾಗೂ ಅದೇ ವಿಷ. ಆ ರೂಮಿನ್ಯಾಗ ಹಚ್ಚಬಾರದು, ಮನಿ ಮೋರಿ ಜಿರಳಿ ಹಿಡಿದು ತಿನ್ನಿಸಬಾರದು, ಸಾಕಿದ ಜಿರಳಿ ಇಲ್ಲಾ ಮಿಡತಿ ವಾರಕ್ಕೊಮ್ಮೆ ಸಾಕು. ಪೊರಿ ಬಿಡೋ ಮುಂದ ಊಟ ಬಿಡ್ತದ, ಬಲಿ ಒಳಗ ಸೇರಿ ಬೆನ್ನ ಮ್ಯಾಲ ಮಲಗ್ತದ, ಸತ್ತೈತಿ ಅಂತ ಮುಟ್ಟಬ್ಯಾಡ್ರಿ, ತಿನ್ನಲಿಕ್ಕ ಬಿಟ್ಟ ಜೀವಂತ ಹುಳ ಒಳಗಿದ್ರ ತಗದುಬಿಡ್ರಿ. ಪೊರಿ ಕಳದ ಮ್ಯಾಲ ಹಲ್ಲು ಕರ್ರಗ ಆಗೋತನ ಊಟ ಕೊಡಬ್ಯಾಡ್ರಿ.

ನಮ್ಮ ದೇಶದ ಮರದ ಟ್ಯಾರಂಟುಲಾ ಪೊಯಿಸಿಲೋಥೇರಿಯಾ ಬೇಕು ಅಂತ ಕೇಳೋರಿಗೆ ನಾನು ಬ್ಯಾಡ ಅಂತೀನಿ. ಅದು ಕಚ್ಚಿದ್ರ ಭಾಳ ನೋವು, ಸ್ನಾಯು ಸೆಳೆತ ಬರ್ತದ. ಅದರಾಗಿನ ನೀಲಿ ಬಣ್ಣದ ಜಾತಿ ಮೆಟಾಲಿಕಾ ಮೊದಲು ಸಿಕ್ಕಿದ್ದು ಗುತ್ತಿಯೊಳಗ, ನಮ್ಮ ಕಲಬುರಗಿ ಮ್ಯಾಲಿಂದ ಚೆನ್ನೈಗೆ ಹೋಗೋ ರೈಲ್ವೇ ಲೈನಿನ್ಯಾಗೇ ಬರೋ ಊರು, 1899ರಾಗ ವಿಜ್ಞಾನಕ್ಕ ಗೊತ್ತಾತು. ಈಗ ಹೆಚ್ಚಾಗಿ ಕಾಣೋದು ಆಂಧ್ರದ ನಂದ್ಯಾಲ, ಗಿದ್ದಲೂರು ಕಡಿ ಸಣ್ಣ ಕಾಡಿನ್ಯಾಗ. 2019ರಾಗ ಈ ಇಡೀ ಕುಲನ ಸೈಟಿಸ್ ಅನ್ನೋ, ಕಾಡು ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕ ಹಿಡಿತ ಹಾಕೋ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸ್ಯಾರ. ಚಿಂಚೋಳಿ ಕಾಡಿಗೆ ಹೋದ್ರೂ ಗಿಡದ ಪೊಟರ್ಯಾಗ ಕೈ ಹಾಕಬ್ಯಾಡ್ರಿ.

ಕಾಲು ಮುದುಡಿದ್ದು ಕಂಡ್ರ ಮೊದಲು ಬಾಕ್ಸನ್ನ ಶಕಿ ಇಲ್ಲದ ಜಾಗಕ್ಕ ತರ್ರಿ, ಜೇಡನ್ನ ಸಾವಕಾಶ ತಳ್ಳಿ ಬಾಯಿ ಬಟ್ಟಲ ನೀರಿಗೆ ತಾಕೋ ಹಂಗ ಕುಂಡ್ರಸ್ರಿ, ಹೊಟ್ಟಿ ಕೆಳಗಿನ ಭಾಗ ನೀರಾಗ ಮುಳುಗಬಾರದು, ಉಸಿರಾಡೋ ಜಾಗ ಅದೇ. ಆಮ್ಯಾಲ ಫೋನ್ ಮಾಡ್ರಿ.