402ರಲ್ಲಿ 178 ಕಳೆದರೆ 376?

ಶಾಲೆಗೆ ಹೋದಾಗ ನಾನು ಮೊದಲು ಕೇಳುವುದು ಮಕ್ಕಳ ಗಣಿತದ ನೋಟ್‌ಬುಕ್. ಶಿಕ್ಷಕರು ಜಾಣ ಮಕ್ಕಳದ್ದನ್ನೇ ಆರಿಸಿ ತರುತ್ತಾರೆ. ‘ತಪ್ಪು ಮಾಡಿದವರದ್ದು ಕೊಡಿ ಮೇಡಂ’ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಕೊನೆಗೆ ಸಿಗುವ ಪುಸ್ತಕದಲ್ಲಿ ಕೆಂಪು ಇಂಕಿನ ಇಂಟು ಗುರುತು, ಪಕ್ಕದಲ್ಲಿ ‘10 ಸಲ ಬರೆ’, ಕೆಳಗೆ ಸಹಿ ಮತ್ತು ತಾರೀಖು ಇರುತ್ತವೆ. ತಿದ್ದುವ ಕೆಲಸ ಅಲ್ಲಿಗೆ ಮುಗಿದಿರುತ್ತದೆ. ಎಷ್ಟು ತರಬೇತಿ ಮಾಡಿದರೂ ಈ ಅಭ್ಯಾಸ ಹೋಗುತ್ತಿಲ್ಲ, ನನಗೆ ಬೇಸರ ತರಿಸುವುದೂ ಇದೇ.

ಒಂದು ನಾಲ್ಕನೇ ತರಗತಿಯಲ್ಲಿ 402 − 178 ಲೆಕ್ಕಕ್ಕೆ ಮೂವರು ಮಕ್ಕಳು ಮೂರು ತಪ್ಪು ಉತ್ತರ ಬರೆದಿದ್ದರು: 376, 274, 234. ಸರಿಯಾದದ್ದು 224. ಮೂವರಿಗೂ ಸಿಕ್ಕಿದ್ದು ಅದೇ ಇಂಟು, ಅದೇ ಹತ್ತು ಸಲ. 376 ಬರೆದ ಹುಡುಗಿಯನ್ನು ಪಕ್ಕ ಕೂರಿಸಿಕೊಂಡು ‘ಹೇಗೆ ಮಾಡಿದೆ ಪುಟ್ಟಿ, ಹೇಳ್ತಾ ಮಾಡು’ ಅಂದೆ. ‘ಎಂಟರಲ್ಲಿ ಎರಡು ಹೋದ್ರೆ ಆರು, ಏಳರಲ್ಲಿ ಸೊನ್ನೆ ಹೋದ್ರೆ ಏಳು’ ಅಂತ ಸರಾಗವಾಗಿ ಹೇಳಿದಳು. ಕೆಳಗಿನದರಲ್ಲಿ ಮೇಲಿನದು ಯಾಕೆ ಕಳೆದೆ ಎಂದರೆ, ‘ದೊಡ್ಡದರಲ್ಲಿ ಚಿಕ್ಕದು ಕಳೀಬೇಕು ಅಂತ ಮಿಸ್ ಹೇಳಿದ್ದಾರೆ ಸಾರ್’. ಒಂದನೇ ತರಗತಿಯಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದಲೇ ಹೇಳಿಕೊಟ್ಟದ್ದನ್ನು ಆ ಮಗು ಚಾಚೂ ತಪ್ಪದೆ ಪಾಲಿಸುತ್ತಿತ್ತು.

274 ಬರೆದವನು ಸೊನ್ನೆಯನ್ನು ದಾಟಿ ನೇರವಾಗಿ ನೂರರ ಸ್ಥಾನದಿಂದ ಬಿಡಿ ಸ್ಥಾನಕ್ಕೆ ಸಾಲ ತಂದಿದ್ದ. ಬಿಡಿಯಲ್ಲಿ 12ರಲ್ಲಿ 8 ಹೋಗಿ 4 ಸರಿಯಾಗಿಯೇ ಬಂದಿತ್ತು; ಆದರೆ ಹತ್ತರ ಸ್ಥಾನದಲ್ಲಿ ಸೊನ್ನೆ ಸೊನ್ನೆಯಾಗಿಯೇ ಉಳಿದು, ಅಲ್ಲಿ ಏಳರಿಂದ ಸೊನ್ನೆ ಕಳೆದಿದ್ದ. 234 ಬರೆದವಳಿಗೆ ಹೆಚ್ಚುಕಡಿಮೆ ಎಲ್ಲ ಗೊತ್ತು. ಸೊನ್ನೆ 10 ಆದಮೇಲೆ ಅದೂ ಬಿಡಿಗೆ ಒಂದು ಕೊಟ್ಟು 9 ಆಗಬೇಕೆಂಬುದಷ್ಟೇ ಬಿಟ್ಟುಹೋಗಿತ್ತು. ಅವಳಿಗೆ ಬೇಕಾದದ್ದು ಎರಡು ನಿಮಿಷದ ಮಾತು, ಮೊದಲನೆಯವಳಿಗೆ ಒಂದು ವಾರದ ಕೆಲಸ. ಹತ್ತು ಸಲ ಬರೆಸಿದರೆ ಇಬ್ಬರಿಗೂ ಇದ್ದ ತಪ್ಪೇ ಇನ್ನಷ್ಟು ಗಟ್ಟಿಯಾಗುತ್ತದೆ.

ಇದು ನನ್ನೊಬ್ಬನ ಅನಿಸಿಕೆಯಲ್ಲ. 1978ರಲ್ಲೇ ಅಮೆರಿಕದ ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಕಳೆಯುವ ಲೆಕ್ಕದ ತಪ್ಪುಗಳನ್ನು ಪಟ್ಟಿ ಮಾಡಿ, ಅನೇಕ ಮಕ್ಕಳು ಒಂದು ತಪ್ಪು ನಿಯಮವನ್ನು ಕ್ರಮಬದ್ಧವಾಗಿ ಅನುಸರಿಸುತ್ತಾರೆಂದು ತೋರಿಸಿದ್ದರು.

ಮೊದಲನೆಯವಳ ಜೊತೆ ನಾನು ಮಾಡಿದ್ದು ಇಷ್ಟೇ. ರಟ್ಟಿನ ಆಟದ ನೋಟು ಕೊಟ್ಟೆ: ನೂರರದ್ದು ನಾಲ್ಕು, ಒಂದು ರೂಪಾಯಿಯದ್ದು ಎರಡು. ‘ಅಂಗಡಿಯವನಿಗೆ 178 ಕೊಡು’ ಅಂದೆ. ಸ್ವಲ್ಪ ಹೊತ್ತು ನೋಟು ತಿರುವಿ ಹಾಕಿ, ‘ಚಿಲ್ಲರೆ ಬೇಕು ಸಾರ್’ ಅಂದಳು. ಒಂದು ನೂರನ್ನು ಹತ್ತರ ಹತ್ತು ನೋಟು ಮಾಡಿಸಿದಳು, ಅದರಲ್ಲಿ ಒಂದನ್ನು ಒಂದೊಂದು ರೂಪಾಯಿಗೆ ಮುರಿಸಿದಳು. ಹತ್ತರ ನೋಟು ಒಂಬತ್ತು ಉಳಿದದ್ದು ಅವಳ ಕೈಯಲ್ಲೇ ಇತ್ತು. ಪ್ರತಿ ಹೆಜ್ಜೆಯನ್ನೂ ಪಕ್ಕದಲ್ಲಿ ಪುಸ್ತಕದಲ್ಲಿ ಬರೆಸಬೇಕು. ನೋಟಿನ ಆಟ ಒಂದು ದಿನ, ಲೆಕ್ಕ ಇನ್ನೊಂದು ದಿನ ಎಂದು ಬೇರೆ ಮಾಡಿದರೆ ಎರಡೂ ಸೇರುವುದೇ ಇಲ್ಲ. ಇಂಥ ಆಟದ ಸಾಮಗ್ರಿಯ ಗಣಿತ ಕಿಟ್ ಇರುವ ಶಾಲೆಗಳು ದಯವಿಟ್ಟು ಅದನ್ನು ಬೀರುವಿನಿಂದ ಹೊರಗೆ ತೆಗೆಯಲಿ. ಕಳೆದುಹೋದರೆ ಹೋಗಲಿ, ರಟ್ಟು ಕತ್ತರಿಸಿ ಮತ್ತೆ ಮಾಡಿಕೊಳ್ಳಬಹುದು.

ಒಂದೇ ಲೆಕ್ಕ ನೋಡಿ ತೀರ್ಮಾನಕ್ಕೆ ಬರಬೇಡಿ, ಕೆಲವು ತಪ್ಪು ಬರೀ ಅವಸರದ್ದು. 503 − 267 ಕೊಡುವ ಮುಂಚೆಯೇ, 376 ಬರೆದ ಮಗು ಇಲ್ಲಿ 364 ಬರೆಯುತ್ತದೆ ಎಂದು ನೀವು ಹೇಳಬಲ್ಲಿರಾದರೆ, ಕಾರಣ ಬಹುತೇಕ ಸಿಕ್ಕಿದೆ ಎಂದರ್ಥ. ಬೋರ್ಡಿನ ಅಂಕಿಗಳನ್ನೇ ತಪ್ಪಾಗಿ ಇಳಿಸಿಕೊಳ್ಳುವ ಮಗುವಿಗೆ ಮೊದಲು ಕಣ್ಣು ಪರೀಕ್ಷೆ ಮಾಡಿಸಿ.

ಮುಖ್ಯ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ನಲವತ್ತು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಳ್ಳಲು ಯಾವ ಶಿಕ್ಷಕರಿಗೂ ಸಮಯವಿಲ್ಲ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ ಎಲ್ಲ ಅವರ ತಲೆಯ ಮೇಲೇ ಇದೆ. ಆದ್ದರಿಂದ ದಿನಕ್ಕೆ ಇಬ್ಬರು ಮಕ್ಕಳು ಸಾಕು. ನೀವು ಪುಸ್ತಕ ನೋಡುವಾಗ ಸಹಿ ಎಣಿಸುವುದನ್ನು ಬಿಟ್ಟು, ‘ಈ ಮಗು ಇಲ್ಲಿ ಏನು ಅಂದುಕೊಂಡಿತ್ತು?’ ಎಂದು ಕೇಳಿ. ಶನಿವಾರ ಸ್ಟಾಫ್ ರೂಮಿನಲ್ಲಿ ಒಂದೆರಡು ತಪ್ಪು ಲೆಕ್ಕಗಳನ್ನು ಮೇಜಿನ ಮೇಲಿಟ್ಟು ಎಲ್ಲರೂ ನೋಡಿ. ಒಂದನೇ ತರಗತಿಯ ಮಿಸ್ ಅಲ್ಲಿರುವುದು ತುಂಬ ಮುಖ್ಯ. ಅವರನ್ನು ದೂರುವ ಮಾತು ಮಾತ್ರ ಬೇಡ.