ತಟಸ್ಥ ಅಂದರೆ ದಡದಲ್ಲಿ ನಿಂತವನೇ? ಸಂವಾದ ನಡೆಸುವವರ ನೀತಿ: ಟಿಪ್ಪಣಿ

ಎಲ್‌ಜಿಬಿಟಿ (ಸಲಿಂಗಿಗಳು, ಟ್ರಾನ್ಸ್‌ಜೆಂಡರ್ ಜನರು ಮುಂತಾದವರ) ಹಕ್ಕುಗಳ ಬಗ್ಗೆ ಒಮ್ಮತವಿಲ್ಲದವರನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವ ಸುಗಮಕಾರರ ಬಗ್ಗೆ ಈ ಪಾಠ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು ಮುಂತಾದ ನಿಯಮಗಳನ್ನು ಬಿಟ್ಟಿದ್ದೇನೆ, ಅವು ಸುಲಭ.

ನಾನು ಎಡವಿದ್ದು ‘ತಟಸ್ಥ’ ಅನ್ನುವ ಪದದಲ್ಲಿ. ತಟ ಅಂದರೆ ದಡ. ದಡದಲ್ಲಿ ನಿಂತು ಇಬ್ಬರಿಗೂ ಮೂರು ಮೂರು ನಿಮಿಷ ಕೊಟ್ಟರೆ ನ್ಯಾಯವಾಯಿತು ಅಂದುಕೊಂಡಿದ್ದೆ. ಆದರೆ ನೀರಿನಲ್ಲಿ ಒಬ್ಬರು ಮೊಣಕಾಲುದ್ದಕ್ಕೆ ನಿಂತಿದ್ದಾರೆ, ಇನ್ನೊಬ್ಬರು ಕುತ್ತಿಗೆಮಟ್ಟ. “ಸಲಿಂಗ ವಿವಾಹ ನನಗೆ ಒಪ್ಪಿಗೆಯಿಲ್ಲ” ಅಂದವರು ಅಭಿಪ್ರಾಯ ಹೇಳಿ ಎದ್ದು ಹೋಗಬಹುದು. “ಸಂಗಾತಿ ಆಸ್ಪತ್ರೆಯಲ್ಲಿದ್ದಾಗ ನನ್ನನ್ನು ಒಳಗೇ ಬಿಡಲಿಲ್ಲ” ಅಂದವರು ತಮ್ಮ ಬದುಕನ್ನೇ ಎಲ್ಲರೆದುರು ಇಟ್ಟಿದ್ದಾರೆ.

ಹಾಗಾದರೆ ಎರಡನೆಯವರಿಗೆ ಹೆಚ್ಚು ಸಮಯ ಕೊಡೋಣ ಎಂದು ಬರೆದೆ. ಅದೂ ತಪ್ಪು! ಆಗ ಉಳಿದವರಿಗೆಲ್ಲ ಪಾಠ ಹೇಳುವ ಹೊರೆ ಅವರ ತಲೆಗೇ ಬೀಳುತ್ತದೆ. ಸರಿಪಡಿಸಬೇಕಾದದ್ದು ಸಮಯವನ್ನಲ್ಲ, ಪ್ರಶ್ನೆಯನ್ನು. ಮೊದಲನೆಯವರನ್ನೂ ಕೇಳಿ: “ಈ ನಿಲುವು ನಿಮ್ಮ ಬದುಕಿನಲ್ಲಿ ಎಲ್ಲಿಂದ ಬಂತು?” ಧರ್ಮಶ್ರದ್ಧೆಯಿಂದ ಬಂದಿದ್ದರೆ ಅದನ್ನೂ ಗೌರವದಿಂದ ಕೇಳಿಸಿಕೊಳ್ಳಬೇಕು. ಈಗ ಇಬ್ಬರೂ ಬದುಕಿನಿಂದಲೇ ಮಾತಾಡುತ್ತಾರೆ. ಉತ್ತರಿಸದೆ ಸುಮ್ಮನಿರುವ ಹಕ್ಕೂ ಇಬ್ಬರಿಗಿದೆ. ಪ್ರಶ್ನೆ ಹಾಕುವ ಮುಂಚೆ ನಾನು ಮಾಡುವ ಲೆಕ್ಕ ಒಂದೇ: ಇದಕ್ಕೆ ಉತ್ತರ ಕೊಟ್ಟರೆ ಯಾರು ಏನು ಕಳೆದುಕೊಳ್ಳುತ್ತಾರೆ?

ವಾಸ್ತವದ ವಿಷಯದಲ್ಲಿ ತಟಸ್ಥರಾಗಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. “ಇದು ಕಾಯಿಲೆಯಲ್ಲ” ಅನ್ನುವುದು ಪಕ್ಷಪಾತವಲ್ಲ.

ಮನಸ್ಸು ಬದಲಿಸುವ ಉದ್ದೇಶ? ಸಂಶೋಧಕರಾದ ಬ್ರೂಕ್ಮನ್ ಮತ್ತು ಕಲ್ಲಾ 2016ರಲ್ಲಿ ಪ್ರಕಟಿಸಿದ, ಅಮೆರಿಕದ ಮಯಾಮಿಯಲ್ಲಿ ನಡೆದ ಅಧ್ಯಯನದಲ್ಲಿ, ಮನೆಬಾಗಿಲಲ್ಲಿ ಸುಮಾರು 10 ನಿಮಿಷ ಮಾತಾಡಿದ್ದಕ್ಕೆ ಟ್ರಾನ್ಸ್‌ಜೆಂಡರ್ ಜನರ ಬಗೆಗಿನ ಪೂರ್ವಗ್ರಹ ಕಡಿಮೆಯಾಗಿ, ಕನಿಷ್ಠ 3 ತಿಂಗಳು ಹಾಗೇ ಉಳಿಯಿತು. ಆದರೆ ಹಾಗೆ ಮನೆಬಾಗಿಲಲ್ಲಿ ಮಾತಾಡಿದವರು ಪ್ರಚಾರಕ್ಕೆ ಹೋದವರು. ಸುಗಮಕಾರರಿಗೂ ಆ ಗುರಿ ಇದ್ದರೆ ಮೊದಲೇ ಹೇಳಿಬಿಡಬೇಕು, ಸಂವಾದ ಅಂತ ಕರೆದು ತಂದು ಒಳಗೊಳಗೇ ತಿದ್ದುವುದು ಮೋಸ.

ಗೋಪ್ಯತೆ: “ಇಲ್ಲಿ ಆಡಿದ್ದು ಇಲ್ಲೇ ಇರಲಿ” ಎಂದು ಕೇಳಿಕೊಳ್ಳಬಹುದು, ಖಾತ್ರಿ ಕೊಡಬಹುದಾದದ್ದು ನಮ್ಮ ಬಾಯಿಗೆ ಮಾತ್ರ. ಅದಕ್ಕೇ “ನಿಮ್ಮಲ್ಲಿ ಸಲಿಂಗಿಗಳು ಯಾರಿದ್ದೀರಿ, ಕೈ ಎತ್ತಿ” ಎಂದು ಎಂದೂ ಕೇಳಬಾರದು. ಎಲ್ಲರೂ ಮೊದಲು ನೋಡುವುದು ಕೈ ಎತ್ತದೆ ತಲೆ ತಗ್ಗಿಸಿದವರನ್ನು.