ಅಪ್ಪನ ಸಾವು, ಇಂಗ್ಲಿಷಿನಲ್ಲಿ

ಮುಂಬೈಯ ಮಾಟುಂಗಾದಲ್ಲಿರುವ ನನ್ನ ಮನೋಚಿಕಿತ್ಸೆಯ ಕ್ಲಿನಿಕ್ಕಿಗೆ ಡೊಂಬಿವಲಿಯಿಂದ ಒಬ್ಬರು ಬರುತ್ತಿದ್ದರು. ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತಿದ್ದೇನೆ. ನಲವತ್ತು ದಾಟಿದವರು, ಬ್ಯಾಂಕ್ ಕೆಲಸ, ಮನೆಮಾತು ಕನ್ನಡ. ರಾತ್ರಿ ನಿದ್ದೆ ಇಲ್ಲ ಅನ್ನೋದು ದೂರು. ಆಫೀಸಿನ ಜಗಳವನ್ನು ಹಿಂದಿಯಲ್ಲಿ ಹೇಳುತ್ತಿದ್ದರು, ನೆರೆಮನೆಯ ಸುದ್ದಿಯನ್ನು ಮರಾಠಿಯಲ್ಲಿ, ಅಮ್ಮನ ಮಾತನ್ನು ಕನ್ನಡದಲ್ಲಿ. ಅಪ್ಪನ ಸಾವನ್ನು ಮಾತ್ರ ಇಂಗ್ಲಿಷಿನಲ್ಲಿ. ‘ಫಾದರ್ ಎಕ್ಸ್‌ಪೈರ್ಡ್’ ಎಂದು ವಾರ್ತೆ ಓದಿದ ಹಾಗೆ ಹೇಳಿ ಮುಂದಕ್ಕೆ ಹೋಗಿಬಿಡುತ್ತಿದ್ದರು.

ಮುಂಬೈಯಲ್ಲಿ ಮಾತಿನ ನಡುವೆ ಭಾಷೆ ಬದಲಾಗೋದು ದೊಡ್ಡ ವಿಷಯ ಅಲ್ಲ. ಆದರೆ ಪ್ರತಿ ಸಲ ಅದೇ ಜಾಗದಲ್ಲಿ ಬದಲಾದರೆ ನನ್ನ ಕಿವಿ ನೆಟ್ಟಗಾಗುತ್ತದೆ.

ಮಾತಾಡಿಸಿ, ಮನಸ್ಸಿನಲ್ಲಿ ಅಡಗಿದ್ದನ್ನು ಹೊರತರುವ ಚಿಕಿತ್ಸೆಗೆ ಮನೋವಿಶ್ಲೇಷಣೆ ಅಂತೀವಿ. ಅದರ ಬೇರು ಇರೋದೇ ಇಂಥದೊಂದು ಕಥೆಯಲ್ಲಿ. 1880ರ ಕೊನೆಗೆ ವಿಯೆನ್ನಾದ ಡಾಕ್ಟರ್ ಯೋಸೆಫ್ ಬ್ರಾಯರ್ ಒಬ್ಬ ಹುಡುಗಿಗೆ ಚಿಕಿತ್ಸೆ ಶುರುಮಾಡಿದರು. ವಯಸ್ಸು 21. ಕಾಯಿಲೆ ಬಿದ್ದ ಅಪ್ಪನ ಆರೈಕೆ ಮಾಡುತ್ತಾ ತಾನೇ ಹಾಸಿಗೆ ಹಿಡಿದವಳು. ಕೈಕಾಲು ಸ್ವಾಧೀನ ತಪ್ಪಿತ್ತು. ಒಂದು ಹಂತದಲ್ಲಿ ತಾಯ್ನುಡಿ ಜರ್ಮನ್ನೇ ಬಾಯಿಗೆ ಬಾರದೆ ಬರೀ ಇಂಗ್ಲಿಷ್ ಆಡುತ್ತಿದ್ದಳು. ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡಾಗ ಸ್ವಲ್ಪ ಹಗುರ. ಅದಕ್ಕೆ ‘ಟಾಕಿಂಗ್ ಕ್ಯೂರ್’ ಎಂದು ಹೆಸರಿಟ್ಟವಳೂ ಅವಳೇ. ಬ್ರಾಯರ್ ಮತ್ತು ಮನೋವಿಶ್ಲೇಷಣೆಯನ್ನು ಕಟ್ಟಿದ ಡಾಕ್ಟರ್ ಸಿಗ್ಮಂಡ್ ಫ್ರಾಯ್ಡ್ 1895ರ ಪುಸ್ತಕದಲ್ಲಿ ಅವಳನ್ನು ‘ಆನ್ನಾ ಓ’ ಎಂದು ಕರೆದರು. ಪುಸ್ತಕ ಹೇಳುವಷ್ಟು ಚೆನ್ನಾಗಿ ಅವಳೇನೂ ಗುಣವಾಗಿರಲಿಲ್ಲ, ಆಮೇಲೂ ಸ್ಯಾನಿಟೋರಿಯಂ ಸೇರಬೇಕಾಯಿತು. ನಮ್ಮ ಕಸುಬಿನವರು ಇದನ್ನು ಜಾಸ್ತಿ ಹೇಳೋದಿಲ್ಲ.

ಸಹಿಸಲಾಗದ್ದನ್ನು ಮನಸ್ಸು ತನಗೇ ಗೊತ್ತಾಗದಂತೆ ಅದುಮಿಡುತ್ತದೆ ಎಂದು ಫ್ರಾಯ್ಡ್ ವಾದಿಸಿದರು. ಇದೇ ದಮನ. ಅದುಮಿಟ್ಟದ್ದು ಇರುವ ಜಾಗ ಸುಪ್ತ ಮನಸ್ಸು. ಮರೆತ ಫೋನ್ ನಂಬರ್ ಸುಮ್ನೆ ಬಿದ್ದಿರುತ್ತದೆ. ಇದು ಹಾಗಲ್ಲ, ಕನಸಿನಲ್ಲೋ ಬಾಯ್ತಪ್ಪಿದ ಮಾತಿನಲ್ಲೋ ವೇಷ ಬದಲಿಸಿ ಬರುತ್ತದೆ.

ಮನಸ್ಸಿನಲ್ಲಿ ಹಿಡಿತಕ್ಕೆ ಸಿಗದ ಭಾಗ ‘ಇದ್’, ಅದನ್ನು ಸಂಭಾಳಿಸೋದು ‘ಈಗೋ’. ಹೀಗೆ ಅಂದರೆ ಓದುಗರು ಹೆದರುತ್ತಾರೆ. 1923ರಲ್ಲಿ ಫ್ರಾಯ್ಡ್ ಬರೆದದ್ದು ಜರ್ಮನ್ ಮಕ್ಕಳಿಗೂ ಗೊತ್ತಿರುವ ಎರಡು ಪದ: ‘ಅದು’ ಮತ್ತು ‘ನಾನು’. ಲ್ಯಾಟಿನ್ ಅಂಗಿ ತೊಡಿಸಿದ್ದು ಇಂಗ್ಲಿಷಿನವರು. ನಮಗೆ ಆ ಅಂಗಿ ಯಾಕೆ? ‘ಹೇಳಬಾರದು ಅಂದ್ಕೊಂಡಿದ್ದೆ, ಅದೇ ಬಾಯಿಗೆ ಬಂದ್ಬಿಡ್ತು’ ಅಂತೀವಲ್ವಾ? ಫ್ರಾಯ್ಡ್ ಹೇಳಿದ್ದು ಆ ‘ಅದು’ವನ್ನೇ.

ಐದಾರು ತಿಂಗಳ ಮೇಲೆ ಅವರನ್ನು ಕೇಳಿದೆ, “ಅಪ್ಪನ ವಿಷಯ ಕನ್ನಡದಲ್ಲಿ ಹೇಳ್ತೀರಾ?”

“ಅಪ್ಪ...” ಅಂದರು. ಗಡಿಯಾರ ನೋಡಿದರು. ನೀರು ಕೇಳಿದರು.

ಮುಂದಿನ ವಾರ ಬರಲಿಲ್ಲ. ಅದಕ್ಕೂ ನಮ್ಮಲ್ಲಿ ಹೆಸರಿದೆ, ಪ್ರತಿರೋಧ. ನೋವಿನ ಮಾತು ಹತ್ತಿರ ಬಂದಾಗ ಮನಸ್ಸು ತಪ್ಪಿಸಿಕೊಳ್ಳೋದು. ಅದರ ಮುಂದಿನ ವಾರ ಇಪ್ಪತ್ತು ನಿಮಿಷ ತಡವಾಗಿ ಬಂದು, ಲೋಕಲ್ ಟ್ರೈನ್ ತಡ ಆಯ್ತು ಡಾಕ್ಟ್ರೇ ಅಂದರು. ಸೆಂಟ್ರಲ್ ಲೈನಿನ ಮಾತು ಬಂದಾಗ ಯಾರ ಸುಪ್ತ ಮನಸ್ಸನ್ನೂ ನಾನು ದೂರಲಾರೆ. ಕೂರಿ ಅಂದೆ.